ತಣ್ಣೀರು ಕಾದಿಟ್ಟ ಹೆಪ್ಪು

ಪೊಯಾಂಗ್ ಸರೋವರದ ದಂಡೆಯಲ್ಲಿ ರೂಯಿಂಗಳ ಮುನ್ನೂರು ಬಾತುಗಳು ನಲವತ್ತು ದಿನದಿಂದ ಕೊಟ್ಟಿಗೆಯೊಳಗೇ ಇದ್ದವು. ಚಳಿಗೆ ಜೌಗಿಗಿಳಿದಿದ್ದ ಕಾಡು ಹೆಬ್ಬಾತುಗಳಲ್ಲಿ ಹನ್ನೊಂದು ಹಕ್ಕಿಜ್ವರದಿಂದ ಸತ್ತು ಬಿದ್ದಿದ್ದವು. ಮೂರು ವರ್ಷದ ಹಿಂದೆ ಇದೇ ಜ್ವರ ಬಂದಾಗ ಅವಳ ಬಾತುಗಳನ್ನೆಲ್ಲ ಸುಣ್ಣ ಸುರಿದು ಹೂಳಬೇಕಾಗಿತ್ತು. ಈಗಿನದು ಆಮೇಲೆ ತವರಿನಿಂದ ಮಡಿಲಲ್ಲಿಟ್ಟು ತಂದ ಹದಿನೈದು ಮೊಟ್ಟೆಗಳಿಂದ ಬೆಳೆದ ಹಿಂಡು. ಅಮ್ಮನ ಆ ತಳಿ ಬೇರೆಲ್ಲೂ ಉಳಿದಿರಲಿಲ್ಲ.

ಹಿಂದಿನ ದಿನ ಪಶುವೈದ್ಯೆ ಸೂಪಿಂಗ್ ಬಂದು ಹೊಂಡಗಳ ನೀರನ್ನು ಸೀಸೆಗಳಲ್ಲಿ ತುಂಬಿಕೊಂಡು ಹೋಗಿದ್ದಳು. "ಬೆಟ್ಟದ ನೆರಳಿನ ಬುಗ್ಗೆ ಹೊಂಡಕ್ಕಂತೂ ಬಿಡಲೇಬೇಡಿ ಅಜ್ಜಿ. ತಣ್ಣೀರಲ್ಲಿ ವೈರಸ್ಸು ತಿಂಗಳುಗಟ್ಟಲೆ ಬದುಕಿರುತ್ತೆ. ನೀರು ಚೆನ್ನಾಗಿ ಬೆಚ್ಚಗಾದ್ರೆ ಅದರ ಆಟ ಕೆಲವೇ ದಿನ."

ರೂಯಿಂಗ್ ಮರ್ಯಾದೆಗೆ ತಲೆಯಾಡಿಸಿದ್ದಳು. ಊರಿಗೆಲ್ಲ ಶುದ್ಧವಾದ ನೀರೆಂದರೆ ಆ ಬುಗ್ಗೆಯದೇ; ಮಾತು ಪೂರ್ತಿ ನಂಬಿಕೆಯಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಶ್ಯೋಂಗ್ ಬುಟ್ಟಿ ತುಂಬ ನೀರುಹುಲ್ಲು ಹೊತ್ತು ಬಂದ.

"ಅಕ್ಕಾ, ನಿನ್ನ ಕೈದಿಗಳಿಗೆ ಊಟ! ಬುಗ್ಗೆ ಹೊಂಡದ್ದು."

"ಅಲ್ಲೇ ನಿಲ್ಲೋ! ಹೆಬ್ಬಾತು ಸತ್ತಿದ್ದು ಅಲ್ಲೇ ಅಲ್ವೇನೋ?"

"ಅದಾಗಿ ನಲವತ್ತು ದಿನ ಆಯ್ತು. ಕಾಲಿಟ್ರೆ ಮೂಳೆ ಕೊರೆಯುತ್ತೆ ಆ ನೀರು. ನಿನ್ನ ಜ್ವರ ನಡುಗಿ ನಡುಗಿ ಸತ್ತಿರುತ್ತೆ ಬಿಡು. ಇಕೋ, ನಿನ್ನ ಕುಡಿಕೇನೂ ಎತ್ಕೊಂಡು ಬಂದೆ. ಹಗ್ಗ ಸವೆದು ಹೋಗಿತ್ತು."

ಅವನು ಬೇಲಿಯಾಚೆ ಕಲ್ಲಿನ ಮೇಲಿಟ್ಟು ಮುಚ್ಚಳ ತೆಗೆದ. ಸಿಹಿಗಂಜಿಯನ್ನು ಹುದುಗಿಸಲು ಬೆರೆಸುವ ಹೆಪ್ಪು. ಶರತ್ಕಾಲದಲ್ಲಿ ಹಗ್ಗ ಕಟ್ಟಿ ಬುಗ್ಗೆಗೆ ಇಳಿಬಿಟ್ಟು ಮರೆತೇಬಿಟ್ಟಿದ್ದಳು. ಹುಳಿಸಿಹಿ ವಾಸನೆ ಬೇಲಿ ದಾಟಿ ಬಂತು. ಹೆಪ್ಪು ಗಟ್ಟಿಮುಟ್ಟಾಗಿ ಬದುಕಿತ್ತು. ಒಲೆಯ ಪಕ್ಕದಲ್ಲಿಟ್ಟಿದ್ದರೆ ವಾರವೂ ಬಾಳುತ್ತಿರಲಿಲ್ಲ.

ರೂಯಿಂಗ್ ಬೇಲಿ ಹಿಡಿದುಕೊಂಡಳು.

"ತಮ್ಮಾ, ಆ ತಣ್ಣೀರು ನಾಲ್ಕು ತಿಂಗಳು ನನ್ನ ಹೆಪ್ಪನ್ನ ಕೆಡದ ಹಾಗೆ ಕಾದಿಟ್ಟಿದೆ. ಜ್ವರಾನೂ ಹಾಗೇ ಕಾದಿಟ್ಟಿರುತ್ತೆ ಕಣೋ."

ಶ್ಯೋಂಗ್ ಕುಡಿಕೆಯನ್ನೇ ನೋಡಿದ. ಬುಟ್ಟಿಯನ್ನು ಬೇಲಿಯಿಂದ ದೂರ ಸರಿಸಿದ.

ಅವಳು ಹಂಡೆ ಕಾಯಿಸಿದಳು. ಹುಲ್ಲು, ಹೆಪ್ಪು ಎರಡನ್ನೂ ಗುಂಡಿಗೆ ಹಾಕಿಸಿ ಸುಣ್ಣ ಸುರಿಸಿದಳು. ಅವನ ಬೂಟಿಗೆ ಕುದಿನೀರು, ಕೈಗೆ ಸೋಪು.

"ಉಪಕಾರ ಮಾಡಕ್ಕೆ ಬಂದವನಿಗೆ ಸ್ನಾನಾನಾ?" ಎಂದು ಗೊಣಗಿದ.

"ಉಪಕಾರಾನೇ ಮಾಡಿದೀಯ. ಅಷ್ಟು ಜನ ಓಡಾಡೋ ಕಡೆ ಹಗ್ಗ ಸವೆದಿದ್ದು ಕಂಡಿದ್ದು ನಿನಗೊಬ್ಬನಿಗೇ." ಬಿಸಿ ಚಹಾ ಬೇಲಿಯಾಚೆ ಚಾಚಿದಳು.

ನಾಲ್ಕನೇ ದಿನ ಸೂಪಿಂಗಳ ಫೋನು ಬಂತು. ಬುಗ್ಗೆ ಹೊಂಡದಲ್ಲಿ ವೈರಸ್ಸು ಜೀವಂತವಾಗಿತ್ತು.

ಆಮೇಲೆ ರೂಯಿಂಗಳಿಗೆ ಯಾರ ಬುದ್ಧಿಮಾತೂ ಬೇಕಾಗಲಿಲ್ಲ. ಮೇ ತಿಂಗಳು ಕಳೆದು, ಕೆಸರಿನ ಆಳವಿಲ್ಲದ ಹೊಂಡದ ನೀರು ಎರಡು ಸಲ ಪರೀಕ್ಷೆಯಲ್ಲಿ ಗೆದ್ದ ಮೇಲೆ, ಕೊಟ್ಟಿಗೆಯ ಬಾಗಿಲ ಬಳಿ ಬಂದಳು. ಶ್ಯೋಂಗ್ ಬಗ್ಗಿ ಹೊಂಡದ ನೀರಿಗೆ ಕೈ ಅದ್ದಿದ.

"ಹೇಗಿದೆಯೋ?"

"ನಿನ್ನ ಹೆಪ್ಪು ಇಲ್ಲಿಟ್ಟಿದ್ರೆ ಎಂದೋ ಕೆಟ್ಟಿರೋದು ಅಕ್ಕಾ!"

ರೂಯಿಂಗ್ ಅಗಳಿ ಎಳೆದು ಬಾಗಿಲು ತೆರೆದಳು.