ನೋಡೋಣ ಅಂದರೆ

"ಟಾಯ್ಲೆಟ್ಟಲ್ಲಿ ಕೈ ಒಣಗಿಸೋ ಮೆಷಿನ್ ಈಗ್ಲೂ ಕೆಟ್ಟಿದೆ ತಾನೇ?" ಎಂದು ಅಮ್ಮ ಕೇಳಿದಳು.

ಫೋನಿನ ಆ ತುದಿಯಲ್ಲಿದ್ದ ರೈಲು ಮ್ಯೂಸಿಯಮ್ಮಿನ ಗುಮಾಸ್ತ ಪ್ರಶ್ನೆಯನ್ನು ಇನ್ನೊಮ್ಮೆ ಹೇಳಿಸಿಕೊಂಡ. ಯಾವಾಗ ರಿಪೇರಿ ಮಾಡಿಸ್ತೀರಿ ಎಂದು ಜಗಳ ತೆಗೆಯುವವರನ್ನು ಅವನು ಕಂಡಿದ್ದ. ಕೆಟ್ಟೇ ಇರಲಿ ಎಂದು ಹಾರೈಸುವವರನ್ನು ಕಂಡಿರಲಿಲ್ಲ.

"ಕೆಟ್ಟಿದೆ ಮೇಡಂ. ಎರಡೂ ಕಡೇದೂ ಕೆಟ್ಟಿದೆ."

"ಬಸ್ಸು ಮಾಡ್ಕೊಂಡು ಗುಂಪಲ್ಲಿ ಯಾರಾದ್ರೂ ಬರ್ತಿದಾರಾ ಇವತ್ತು?"

"ಯಾರೂ ಇಲ್ಲ ಮೇಡಂ. ಗುರುವಾರ ಬೆಳಗ್ಗೆ ನಾವು ನೊಣ ಹೊಡೀತಾ ಕೂತಿರ್ತೀವಿ."

"ಸದ್ಯ!" ಎಂದು ಅಮ್ಮ ಫೋನಿಟ್ಟಳು. ಗಂಟೆ ಎಂಟೂ ಮುಕ್ಕಾಲು. ಬಾಗಿಲ ಬಳಿಯ ಸ್ಟೂಲಿನ ಮೇಲೆ ಮಗಳು ಬೂಟು ಹಾಕಿ, ಲೇಸು ಕಟ್ಟಿ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಜೋರು ಸದ್ದಿನಿಂದ ಕಿವಿ ಕಾಯುವ ದಪ್ಪ ಹೆಡ್‌ಫೋನು ಕೊರಳಲ್ಲಿತ್ತು. ಒಂಬತ್ತಕ್ಕೆ ಮಾವ ಕಾರು ತರುತ್ತಾನೆ. ಒಂಬತ್ತು ಎಂದರೆ ಒಂಬತ್ತೇ.

ಮಗಳಿಗೆ ಒಂಬತ್ತು ವರ್ಷ. ಆಟಿಸಂ ಎಂದು ಡಾಕ್ಟರು ಹೇಳಿ ಐದು ವರ್ಷವಾಯಿತು. ನೆಂಟರಿಷ್ಟರ ಪಾಲಿಗೆ ಅದು ಇವತ್ತಿಗೂ ಹಟ. ಆಡಿದ ಮಾತನ್ನು ಆಡಿದ ಹಾಗೇ ಹಿಡಿದುಕೊಳ್ಳುತ್ತಾಳೆಂದು ಅಪ್ಪ ಅವಳಿಗೆ ಲಾಯರಮ್ಮ ಎಂದು ಹೆಸರಿಟ್ಟಿದ್ದ. 'ಎರಡು ನಿಮಿಷ ಇರು' ಎಂದರೆ ಲಾಯರಮ್ಮ ಗಡಿಯಾರ ನೋಡುತ್ತಾಳೆ, ಮೂರನೆಯ ನಿಮಿಷಕ್ಕೆ ತಕರಾರು ಶುರು. ಅಂಗಡಿಯವನು 'ಇನ್ನೇನು ಬೇಕಮ್ಮಾ' ಎಂದು ಕೇಳಿದರೆ, ತನಗೆ ಏನೇನು ಬೇಕು ಎಂಬುದನ್ನೆಲ್ಲ ಹೇಳಿಯೇ ಮುಂದಕ್ಕೆ ಹೋಗುವುದು.

ಶಾಲೆಗೆ ರಜೆ ಬಂತೆಂದರೆ ಬೇರೆ ಮನೆಗಳಲ್ಲಿ ಹಬ್ಬ, ಈ ಮನೆಯಲ್ಲಿ ಯುದ್ಧದ ತಯಾರಿ. ಅಮ್ಮನಿಗೆ ಪುಸ್ತಕ ಬೈಂಡಿಂಗ್ ಅಂಗಡಿಯಲ್ಲಿ ಕೆಲಸ. ಅಲ್ಲಿ ಉಳಿದ ರಟ್ಟಿನ ದೊಡ್ಡ ತುಂಡೊಂದನ್ನು ತಂದು, ಹದಿನಾಲ್ಕು ದಿನಕ್ಕೆ ಹದಿನಾಲ್ಕು ಮನೆ ಗೀಚಿ, ಫ್ರಿಜ್ಜಿಗೆ ಅಂಟಿಸಿದ್ದಳು. ಎಲ್ಲಿಗೆ, ಎಷ್ಟು ಹೊತ್ತಿಗೆ, ಯಾರ ಜೊತೆ, ಯಾವ ಬಾಗಿಲಿಂದ ಒಳಕ್ಕೆ, ಸಾಕಾದರೆ ಯಾವ ಬಾಗಿಲಿಂದ ಹೊರಕ್ಕೆ. ಪ್ರತಿ ಜಾಗಕ್ಕೂ ತಾನೇ ಮೊದಲು ಒಬ್ಬಳೇ ಹೋಗಿ, ಹುಚ್ಚಿಯ ಹಾಗೆ ಕಣ್ಣು ಮುಚ್ಚಿ ನಿಂತು ಸದ್ದು ಕೇಳಿಸಿಕೊಂಡು ಬಂದಿದ್ದಳು. ಇದ್ದ ಆರು ದಿನದ ರಜೆಯೂ ಆ ಮನೆಗಳಿಗೇ ಸಂದಾಯವಾಗಿತ್ತು. ಲಿಫ್ಟ್ ರಿಪೇರಿ ಮಾಡುವ ಗಂಡ ಆರು ದಿನ ತುಂಬಿದ್ದ. ಉಳಿದದ್ದು ಎರಡು, ಈ ಗುರುವಾರ ಮತ್ತು ನಾಳೆಯ ಶುಕ್ರವಾರ. ಅವೆರಡನ್ನು ತುಂಬಿದ್ದು ಲಾಯರಮ್ಮನೇ.

ಹೋದ ಭಾನುವಾರ ಅಮ್ಮನ ಅಣ್ಣ ಬಂದಿದ್ದ. ಅಮ್ಮ ಒಳಗೆ ಕಾಫಿ ಬಸಿಯುತ್ತಿದ್ದಾಗ ಲಾಯರಮ್ಮ ಅವನ ಮುಂದೆ ನಿಂತು, "ಮಾವ, ರೈಲು ಮ್ಯೂಸಿಯಂ ನೋಡೋಣವಾ?" ಎಂದು ಕೇಳಿದಳು. ಮಾವ ಫೋನಿನಿಂದ ಕಣ್ಣೆತ್ತದೆ, "ನೋಡೋಣ ಪುಟ್ಟಾ, ನೋಡೋಣ" ಎಂದ.

ಎರಡು ಸಲ ಹೇಳಿದ. ಅವಳು ಎರಡು ಮನೆ ತುಂಬಿದಳು.

ನಮ್ಮ ಭಾಷೆಯಲ್ಲಿ 'ನೋಡೋಣ' ಎಂದರೆ ನೋಡುವುದಿಲ್ಲ ಎಂದೇ ಅರ್ಥ ಎಂಬುದು ಊರಿಗೆಲ್ಲ ಗೊತ್ತು. ಸಾಲ ಕೇಳಲು ಬಂದವನಿಗೆ ಗೊತ್ತು, ಹೆಣ್ಣು ಕೇಳಲು ಬಂದವನಿಗೆ ಗೊತ್ತು. ಇವಳಿಗೆ ಯಾರು ಹೇಳಬೇಕು? ಅದಕ್ಕೇ ಈ ಮನೆಯಲ್ಲಿ ಆ ಮಾತಿಗೆ ಬಹಿಷ್ಕಾರ. ಗಂಡನ ಬಾಯಲ್ಲಿ ಬಂದರೆ ಅಮ್ಮ ಕಣ್ಣಲ್ಲೇ ನುಂಗುತ್ತಾಳೆ.

ಭಾನುವಾರವೇ ಅಳಿಸಬಹುದಿತ್ತು. ಅಳಿಸಲಿಲ್ಲ, ಯಾಕೆಂದರೆ ಅವಳಿಗೂ ಆಸೆಯಾಯಿತು. ಒಂದು ದಿನ, ಎರಡೇ ದಿನ, ತನ್ನ ಕಡೆಯವನೊಬ್ಬ ಮಗಳ ಕೈ ಹಿಡಿದು ಕರೆದುಕೊಂಡು ಹೋಗಲಿ. 'ಗುರುವಾರ ಒಂಬತ್ತಕ್ಕೆ, ಮರೀಬೇಡ' ಎಂದು ಅಣ್ಣನಿಗೆ ಮೆಸೇಜು ಬರೆದಳು, ಕೆಳಗೆ ಒಂದು ಪುಟದಷ್ಟು ಸೂಚನೆ. ಅವನಿಂದ ಒಂದು ಹೆಬ್ಬೆರಳು ಬಂತು. ಹೆಬ್ಬೆಟ್ಟು ಒತ್ತಿದ ಮೇಲೆ ಇನ್ನೇನು ಎಂದು ಅವಳೂ ನಂಬಿದಳು.

ಒಂಬತ್ತು ಹೊಡೆಯಿತು. ಒಂಬತ್ತೂ ನಾಲ್ಕಾಯಿತು.

"ಮಾವ ಲೇಟು," ಎಂದಳು ಲಾಯರಮ್ಮ. ಬೂಟಿನ ತುದಿ ನೆಲಕ್ಕೆ ಬಡಿಯತೊಡಗಿತ್ತು.

ಅಮ್ಮ ಫೋನ್ ಮಾಡಿದಳು. ಮೂರನೆಯ ರಿಂಗಿಗೆ ಎತ್ತಿದ. ಹಿಂದೆ ಹಾಡು, ಕಾರಿನ ಸದ್ದು, ಅವನ ಅವಳಿ ಮಕ್ಕಳ ಕಿರುಚಾಟ.

"ಎಲ್ಲಿದೀಯಾ?"

"ಏ ಪುಟ್ಟಿ! ಕೆರೆ ಕಡೆ ಹೊರಟ್ವಿ ಕಣೇ, ಬೋಟಿಂಗು. ಮಕ್ಕಳು ಪ್ರಾಣ ತಿಂತಿದ್ವು. ಯಾಕೆ, ಏನಾಯ್ತು?"

ಅಮ್ಮನ ಮೈಯೆಲ್ಲ ಉರಿದುಹೋಯಿತು. ಅಡುಗೆಮನೆಗೆ ನಡೆದು, ಬಾಗಿಲು ಎಳೆದುಕೊಂಡು, ಹಲ್ಲು ಕಚ್ಚಿ ಕೇಳಿದಳು: "ಇವತ್ತು ಯಾವ ವಾರ?"

"ಗುರು... ಅಯ್ಯೋ. ಅದಾ? ನಾನು ನೋಡೋಣ ಅಂದಿದ್ದೆ ಅಷ್ಟೇ ಕಣೇ."

"ಹೆಬ್ಬೆರಳು ಹಾಕಿದ್ಯಲ್ಲ!"

"ಮೆಸೇಜ್ ಬಂತು ಅಂತ ಹಾಕ್ದೆ. ಅಷ್ಟುದ್ದ ಬರೆದ್ರೆ ಯಾರು ಓದ್ತಾರೆ?"

ಪಕ್ಕದಿಂದ ಅತ್ತಿಗೆ ದನಿ ತಗ್ಗಿಸಿ ಹೇಳಿದ್ದು ಚೆನ್ನಾಗಿಯೇ ಕೇಳಿಸಿತು: "ಹೋದ್ಸಲ ಬೋಟಲ್ಲಿ ಅವಳು ಕೂಗಾಡಿ ಎಲ್ಲರೂ ತಿರುಗಿ ನೋಡೋ ಹಾಗಾಯ್ತು. ನಮ್ಮ ಮಕ್ಕಳೂ ಒಂದಿನ ಆರಾಮಾಗಿ ಇರ್ಲಿ ಬಿಡ್ರೀ."

"ಕೇಳಿಸ್ತು ಅತ್ತಿಗೆ," ಎಂದಳು ಅಮ್ಮ. "ಇನ್ನೂ ಸ್ವಲ್ಪ ಜೋರಾಗಿ ಹೇಳಿ, ಅವಳಿಗೂ ಕೇಳಿಸ್ಲಿ."

ಹಾಡು ನಿಂತಿತು. ಅಣ್ಣ ಕೆಮ್ಮಿದ. "ನೋಡು, ಹಾಗಲ್ಲ. ನೀನೇ ಏನಾದ್ರೂ ಹೇಳಿ ಸಂಭಾಳಿಸು. ಮಾವಂಗೆ ಜ್ವರ ಅನ್ನು. ಯಾವಾಗ್ಲೂ ಹಾಗೇ ಅಂತೀಯಲ್ವಾ?"

ಹೌದು, ಅನ್ನುತ್ತಾಳೆ. ಈ ಅಣ್ಣ ಹುಟ್ಟಿದ್ದೇ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ನಕ್ಷತ್ರದಲ್ಲಿ. ಯಾರಿಗೂ ಇಲ್ಲ ಎಂದವನಲ್ಲ, ಎಲ್ಲರ ಮೂಗಿಗೂ ತುಪ್ಪ ಸವರಿಕೊಂಡೇ ಒಳ್ಳೆಯವನೆನಿಸಿಕೊಂಡವನು. ಅವನ ಒಳ್ಳೆಯತನಕ್ಕೆ ಬೆಲೆ ತೆತ್ತದ್ದು ಇವಳು. ಹೋದ ವರ್ಷ ಮಾವನಿಗೆ ಜ್ವರ, ಅದರ ಹಿಂದಿನ ಸಲ ಕಾರು ಕೆಟ್ಟಿತ್ತು, ಹುಟ್ಟುಹಬ್ಬದ ದಿನ ಅತ್ತೆಗೆ ತಲೆನೋವು. ಊರಿನವರ ಸುಳ್ಳನ್ನೆಲ್ಲ ಮಗಳಿಗೆ ತಿಳಿಯುವ ಹಾಗೆ ಹೊಲಿದು, ಅಂಟು ಹಾಕಿ, ಅಂಚು ಕತ್ತರಿಸಿ ಕೊಡುತ್ತ ಬಂದದ್ದು ಈ ಬೈಂಡಿಂಗಿನವಳೇ. ತನ್ನ ಮೇಲೇ ಅವಳಿಗೆ ಅಸಹ್ಯವಾಯಿತು.

"ನಾನು ಹೇಳಲ್ಲ," ಎಂದಳು. "ಮಾತು ಕೊಟ್ಟೋನು ನೀನು. ನೀನೇ ಹೇಳು."

ಬಾಗಿಲು ತೆಗೆದು, ಸ್ಪೀಕರಿಗೆ ಹಾಕಿ, ಫೋನನ್ನು ಮಗಳ ಮುಂದೆ ಹಿಡಿದಳು.

"ಮಾವ, ಒಂಬತ್ತೂ ಹನ್ನೊಂದು," ಎಂದಳು ಲಾಯರಮ್ಮ.

"ಪುಟ್ಟಾ... ಹೇಗಿದೀಯಾ ಕಂದಾ?"

"ಹನ್ನೊಂದು ನಿಮಿಷ ಲೇಟು. ಎಲ್ಲಿದೀರಾ?"

"ಅದೂ... ಮಾವಂಗೆ ಸ್ವಲ್ಪ ಕೆಲ್ಸ ಬಂತು ಪುಟ್ಟಾ. ಇನ್ನೊಂದಿನ ನೋಡೋ..."

"ಆ ಮಾತು ಎತ್ತಿದ್ಯೋ ಜೋಕೆ!" ಅಮ್ಮ ಕೂಗಿದ ರಭಸಕ್ಕೆ ಪಾತ್ರೆಯ ಸ್ಟ್ಯಾಂಡಿನಲ್ಲಿ ಚಮಚ ಅಲುಗಿತು. ಲಾಯರಮ್ಮ ಎರಡೂ ಕಿವಿಗೆ ಹೆಡ್‌ಫೋನು ಏರಿಸಿ, ಆಮೇಲೆ ಒಂದನ್ನು ಸರಿಸಿದಳು.

"ಬರ್ತೀರಾ, ಬರಲ್ವಾ?"

ಅಡ್ಡಗೋಡೆಯ ಮೇಲೆ ದೀಪವಿಡುವುದು ಅಣ್ಣನಿಗೆ ಎಲ್ಲರ ಮುಂದೆಯೂ ಸಾಧ್ಯ. ಆದರೆ ಈ ಲಾಯರಮ್ಮನ ಮುಂದೆ ಅಡ್ಡಗೋಡೆಯೇ ಇರಲಿಲ್ಲ. ಅವನು ಹ್ಞೂಂ ಎಂದ, ಅದೇನಂದ್ರೆ ಎಂದ, ಟ್ರಾಫಿಕ್ಕು ಎಂದ. ಅವಳು ಪ್ರತಿ ಸಲವೂ ಅದೇ ದನಿಯಲ್ಲಿ ಕೇಳಿದಳು, "ಬರ್ತೀರಾ, ಬರಲ್ವಾ?"

"ಬರಲ್ಲ ಪುಟ್ಟಾ," ಎಂದ ಕೊನೆಗೆ. ನಲವತ್ತಾರು ವರ್ಷದಲ್ಲಿ ಬಹುಶಃ ಮೊದಲ ಸಲ.

"ನಾಳೆ?"

"ನಾಳೇನೂ... ಬರಲ್ಲ."

ಅಮ್ಮ ಉಸಿರು ಬಿಗಿಹಿಡಿದಳು. ಈಗ ಶುರುವಾಗುತ್ತದೆ ಕಿರುಚಾಟ, ತಲೆ ಗೋಡೆಗೆ, ಮಧ್ಯಾಹ್ನದವರೆಗೆ. ಈ ಒಂದು ಗಳಿಗೆಯನ್ನು ತಪ್ಪಿಸಲೆಂದೇ ಅಲ್ಲವೇ ಐದು ವರ್ಷದಿಂದ ಊರಿಗೆಲ್ಲ ಜ್ವರ ಬರಿಸಿದ್ದು?

"ಸರಿ," ಎಂದಳು ಲಾಯರಮ್ಮ. ಅಮ್ಮನ ಕೈಯಲ್ಲಿದ್ದ ಫೋನನ್ನು ತಾನೇ ಕಟ್ ಮಾಡಿದಳು. ಫ್ರಿಜ್ಜಿನ ಬಳಿ ಹೋಗಿ, ಎರಡೂ ಮನೆಯಲ್ಲಿ ಮಾವ ಎಂದಿದ್ದುದರ ಮೇಲೆ ಸ್ಕೇಲಿಟ್ಟು ಗೆರೆ ಎಳೆದಳು. ಅಷ್ಟೇ.

ಅಮ್ಮನಿಗೆ ನಗಬೇಕೋ ಯಾರಿಗಾದರೂ ಹೊಡೆಯಬೇಕೋ ತಿಳಿಯಲಿಲ್ಲ. ಇಷ್ಟೇನಾ? ಒಂದು 'ಬರಲ್ಲ' ಸಾಕಾಗಿತ್ತೇ?

ಲಾಯರಮ್ಮ ಪೆನ್ನು ಹಿಡಿದುಕೊಂಡೇ ತಿರುಗಿದಳು. "ನೀನು ಬಾ. ಬಸ್ಸಲ್ಲಿ ಹೋಗೋಣ. ಮೆಷಿನ್ ಕೆಟ್ಟಿದೆ ಅಂದ್ಯಲ್ಲ."

ಹತ್ತಕ್ಕೆ ಅಂಗಡಿ. ನಾಳೆ ಸಂಜೆಯೊಳಗೆ ಮುನ್ನೂರು ಡೈರಿಗೆ ರಟ್ಟು ಕೂರಿಸಬೇಕು, ಇನ್ನೊಂದು ದಿನ ತಪ್ಪಿಸಿದರೆ ಬರುವುದೇ ಬೇಡ ಎಂದು ಮಾಲೀಕ ಹೇಳಿಯಾಗಿದೆ. ಮಾವ ಕೈಕೊಟ್ಟರೆ ಇರಲಿ ಎಂದು ಮೇಲಿನ ಮನೆಯ ರಿಟೈರಾದ ಟೀಚರಿಗೆ ಹೇಳಿಟ್ಟಿದ್ದಳು, ಅವರು ಬಂದು ಮಗಳ ಜೊತೆ ಕೂರುತ್ತಾರೆ. ಹೋಗುವುದು ಆಗದ ಮಾತು. ಮಗಳು ಮುಖ ನೋಡುತ್ತಿರಲಿಲ್ಲ, ಅಮ್ಮನ ಬಾಯನ್ನೇ ನೋಡುತ್ತಿದ್ದಳು.

"ನೋ..." ಎಂದಿತು ಅಮ್ಮನ ಬಾಯಿ.

ನಾಲಿಗೆ ಕಚ್ಚಿಕೊಂಡಳು. ಕಿವಿಯ ತುದಿ ಬಿಸಿಯಾಯಿತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ತಾನೇ.

"ಇಲ್ಲ," ಎಂದಳು. "ಇವತ್ತು ಆಗಲ್ಲ. ನಾಳೇನೂ ಆಗಲ್ಲ. ನಂಗೆ ಕೆಲ್ಸ ಇದೆ. ಭಾನುವಾರ ಬಾಗಿಲು ತೆಗೆಯೋ ಹೊತ್ತಿಗೆ ಹೋಗ್ತೀವಿ, ನಾನೂ ನೀನೂ. ಜನ ಇರ್ತಾರೆ. ಒಂದು ಗಂಟೆ ಇದ್ದು ಬರ್ತೀವಿ."

ಮಾವನಿಗೆ ಸಿಕ್ಕ 'ಸರಿ' ಅಮ್ಮನಿಗೆ ಸಿಗಲಿಲ್ಲ. ಲಾಯರಮ್ಮನ ಮುಖ ಕೆಂಪಾಯಿತು. ಲೇಸು ಬಿಚ್ಚದೆ ಒಂದು ಬೂಟನ್ನು ಕಿತ್ತು ಬಾಗಿಲಿಗೆ ಎಸೆದಳು. ಇನ್ನೊಂದನ್ನೂ ಕಿತ್ತು ಎಸೆದಳು. "ಕೋಪ!" ಎಂದು ಕಿರುಚಿದಳು. "ನಂಗೆ ಕೋಪ!"

ಶ್, ಅಕ್ಕಪಕ್ಕದವರು ಕೇಳಿಸ್ಕೋತಾರೆ ಎಂಬ ಮಾತು ಅಭ್ಯಾಸಬಲದಿಂದ ಗಂಟಲಿಗೆ ಬಂತು. ಅಮ್ಮ ಅದನ್ನು ನುಂಗಿದಳು. "ನಂಗೂ ಕೋಪಾನೇ ಕಣೇ," ಎಂದಳು. ಅಂಗಡಿಗೆಂದು ಆಗಲೇ ಮೆಟ್ಟಿಕೊಂಡಿದ್ದ ಚಪ್ಪಲಿಯಲ್ಲಿ ಒಂದನ್ನು ಕಳಚಿ, ಬೀಸಿ, ಅದೇ ಬಾಗಿಲಿಗೆ ಹೊಡೆದಳು. ಎರಡನೆಯದನ್ನು ಇನ್ನೂ ಜೋರಾಗಿ ಹೊಡೆದಳು.

ಗಲಾಟೆ ಕೇಳಿ ಮೆಟ್ಟಿಲಿಳಿದು ಬಂದ ಟೀಚರ ಹೆಜ್ಜೆಸದ್ದು ಬಾಗಿಲಾಚೆ ನಿಂತುಹೋಯಿತು. ತಟ್ಟುವ ಧೈರ್ಯ ಅವರಿಗಾಗಲಿಲ್ಲವೆಂದು ಕಾಣುತ್ತದೆ. ಒಳಗೆ ತಾಯಿ ಮಗಳು ಬರಿಗಾಲಲ್ಲಿ, ಏದುಸಿರು ಬಿಡುತ್ತ, ಇನ್ನು ಎಸೆಯಲು ಏನಿದೆ ಎಂದು ಒಬ್ಬರ ಕಾಲನ್ನೊಬ್ಬರು ನೋಡುತ್ತ ನಿಂತಿದ್ದರು.