ಜೋಡಿ ಗಾಜಿನ ಕಿಟಕಿ

ಶ್ರೀನಿವಾಸಪ್ಪ ಗಾಜಿನ ಹಾಳೆಯನ್ನು ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ, ಕೂಡಲೇ ಅಂಗೈಯನ್ನು ಅದಕ್ಕೆ ಒತ್ತಿ ಹಿಡಿದು ಕಣ್ಣು ಮುಚ್ಚಿಕೊಂಡರು. ಆಂಡರ್ಸನ್‌ಪೇಟೆಯ ಗಾಜಿನಂಗಡಿಯವ ಸುಬ್ರಮಣಿ, ಶ್ರೀನಿವಾಸಪ್ಪನವರ ಮಗಳು ಶ್ಯಾಮಲಾಳ ಮುಖ ನೋಡಿದ. ಕಿವಿ ಕೇಳದ ಮುದುಕರನ್ನು ಕರೆತಂದು ಸದ್ದು ತಡೆಯುವ ಗಾಜು ಆರಿಸುವುದೆಂದರೆ ಅವನ ಮಟ್ಟಿಗೆ ಕುರುಡರ ಕೈಲಿ ಬಣ್ಣ ಆರಿಸಿದ ಹಾಗೆ.

"ಅವ್ರಿಗೇನಕ್ಕ ಗೊತ್ತಾಗ್ತದೆ?"

"ಇಪ್ಪತ್ತೆಂಟು ವರ್ಷ ಚಿನ್ನದ ಗಣಿ ಒಳಗೆ ಡ್ರಿಲ್ ಇಡ್ದೋರು. ಅಪ್ಪನ ಕಿವಿ ಅಲ್ಲೇ ಓಯ್ತು, ಕೈ ಉಳ್ಕೊಂತು," ಎಂದಳು ಶ್ಯಾಮಲಾ.

ಮಾತು ನಿಜ. ಗಣಿಯೊಳಗೆ ಕೆಲಸಕ್ಕೆ ಕೈಹಚ್ಚುವ ಮೊದಲು ತಲೆಯ ಮೇಲಿನ ಬಂಡೆಯನ್ನು ಹಾರೆಯಿಂದ ತಟ್ಟಿ, ಗಟ್ಟಿಯೋ ಸಡಿಲವೋ ಎಂದು ಕೇಳಿ ನೋಡಬೇಕಿತ್ತು. ಡ್ರಿಲ್ಲಿನ ಅಬ್ಬರಕ್ಕೆ ಕಿವಿ ಸತ್ತ ಮೇಲೆ ಶ್ರೀನಿವಾಸಪ್ಪ ಹಾರೆಯ ನಡುಕವನ್ನು ಅಂಗೈಯಲ್ಲೇ ಕೇಳುವುದನ್ನು ಕಲಿತರು. ಗಣಿ ಮುಚ್ಚಿ ವರ್ಷಗಳಾದರೂ ಆ ಅಭ್ಯಾಸ ಹೋಗಿರಲಿಲ್ಲ.

ಅದರಿಂದ ಅವರಿಗೊಂದು ಗುಟ್ಟಿನ ಸುಖವೂ ಸಿಕ್ಕಿತ್ತು. ಮೈಸೂರು ಮೈನ್ಸ್ ಗಣಿಯ ಬಳಿಯ ಅವರ ಮನೆಯಲ್ಲಿ ಶ್ಯಾಮಲಾ ಮಕ್ಕಳ ಕಥೆ, ಜೋಗುಳಗಳನ್ನು ರೆಕಾರ್ಡ್ ಮಾಡುವ ಕೋಣೆಗೆ ಒಂದೇ ಕಿಟಕಿ, ಅದಕ್ಕೊಂದು ಸಡಿಲ ಗಾಜು. ಗಣಿಧೂಳಿನ ಕೆಮ್ಮು ಯಾವಾಗ ಬಂದೀತೋ ಎಂದು ಅವರು ಒಳಗೆ ಕೂರುವ ಹಾಗಿರಲಿಲ್ಲ. ಹೊರಗೆ ಹೊಂಗೆಯ ನೆರಳಿನ ಕಲ್ಲಿನ ಮೇಲೆ ಕೂತು ಗಾಜಿಗೆ ಅಂಗೈ ತಾಗಿಸಿದರೆ ಮಗಳ ಹಾಡು ಮೊಣಕೈವರೆಗೂ ಹರಿದು ಬರುತ್ತಿತ್ತು. ಅವಳು ಹುಟ್ಟುವ ಮೊದಲೇ ಕಿವಿ ಹೋಗಿದ್ದ ಅವರಿಗೆ ಅವಳ ದನಿಯೆಂದರೆ ಅಷ್ಟೇ. ಎದುರಿಗೆ, ಚಿನ್ನ ತೆಗೆದುಳಿದ ಪುಡಿ ಸುರಿದ ಸೈನೈಡ್ ದಿಬ್ಬದ ಬಿಳಿಧೂಳು ಬಿಸಿಲಲ್ಲಿ ತೇಲುತ್ತಿರುವಾಗ, ತಾವು ಕೂತದ್ದು ನೆಲದ ಮೇಲೋ ಗಣಿಯ ಒಳಗೋ ಎಂಬುದೇ ಅವರಿಗೆ ಮರೆತು ಹೋಗುತ್ತಿತ್ತು. ಗೋಡೆಗೆ ಮುಖ ಮಾಡಿ ಹಾಡುವ ಶ್ಯಾಮಲಾಳಿಗೆ ಇದು ಗೊತ್ತಿರಲಿಲ್ಲ.

ಆದರೆ ಹಾಡು ಹೊರಬರುವ ದಾರಿಯಲ್ಲೇ ಆಟೋಗಳ ಹಾರ್ನ್, ಹಾಲಿನ ಗಾಡಿಯ ಗಡಗಡ ಒಳಹೋಗುತ್ತಿದ್ದವು. ಕಥೆ ಕೊಂಡುಕೊಳ್ಳುವ ಬೆಂಗಳೂರಿನವರು ಎರಡು ಸಲ ಬೇಡವೆಂದಿದ್ದರು. ಮೂರನೆಯದೂ ಹೀಗೇ ಆದರೆ ಕೆಲಸ ಬೇರೆಯವರ ಪಾಲು.

"ಗಾಜು ಗೀಜು ಯಾಕಕ್ಕ, ಇಟ್ಟಿಗೆ ಇಟ್ಟು ಮುಚ್ಚಿಬುಟ್ರೆ ಆಯ್ತು," ಎಂದ ಜೊತೆಗೆ ಬಂದಿದ್ದ ಬಡಗಿ ಕದಿರಪ್ಪ.

"ಬೆಳಕಿಲ್ದೆ ನಂಗೆ ದನಿ ಏಳಲ್ಲ ಕದಿರಪ್ಪ."

ತುಟಿಯ ಚಲನೆಯಲ್ಲೇ ಮಾತು ಓದಿಕೊಂಡ ಶ್ರೀನಿವಾಸಪ್ಪನವರ ಎದೆಯಿಂದ ಭಾರ ಇಳಿಯಿತು. ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ತಟ್ಟಿ ನೋಡಿ, "ಇದು ಅಗುರ. ಒಳಗಿನ ಸದ್ದನ್ನ ಆಚೆಗೆ ಚಾಡಿ ಏಳ್ತದೆ," ಎಂದು ಪಕ್ಕಕ್ಕೆ ತಳ್ಳಿದರು. ಕೊನೆಗೆ ಒಂದು ತೆಳು ಗಾಜು, ಒಂದು ದಪ್ಪ ಗಾಜು ಆರಿಸಿದರು. "ಎರಡೂ ಒಂದೇ ದಪ್ಪ ಬೇಡ. ಒಂದು ನಡುಗಿದ್ರೆ ಇನ್ನೊಂದೂ ಅಂಗೇ ನಡುಗ್ತದೆ. ನಡುವೆ ಗೇಣು ಜಾಗ ಬಿಡು ಕದಿರಪ್ಪ."

ತಮ್ಮ ಕಾಲ ಮೇಲೆ ತಾವೇ ಕಲ್ಲು ಎಳೆದುಕೊಳ್ಳುತ್ತಿರುವುದು ಅವರಿಗೆ ಗೊತ್ತಿತ್ತು.

ಮೂರನೆಯ ದಿನ ಕಿಟಕಿ ಕೂತಿತು. ಶ್ಯಾಮಲಾ ಒಳಗೆ ಹಾಡಿದಳು. ಕದಿರಪ್ಪ ಹೊರಗಿನಿಂದ ಕಿವಿಯಿಟ್ಟು, ಏನೂ ಕೇಳದೆ, ಸಂತೋಷದಿಂದ ಉಳಿ ಸುತ್ತಿಗೆಗಳನ್ನು ಚೀಲಕ್ಕೆ ತುಂಬತೊಡಗಿದ. ಶ್ರೀನಿವಾಸಪ್ಪ ಅಂಗೈ ಇಟ್ಟರು. ಗಾಜು ತಣ್ಣಗೆ ಸುಮ್ಮನಿತ್ತು. ಕೈ ಕೆಳಗೆ ಸರಿಯಿತು. ಎಡಮೂಲೆಯಲ್ಲಿ, ಮರದ ಚೌಕಟ್ಟಿನ ಅಂಚಿಗೆ, ಕೂದಲೆಳೆಯಷ್ಟು ನಡುಕ. ಹಾಡೇ ಅದು. ಅವರ ಕಣ್ಣು ತುಂಬಿತು.

ಸುಮ್ಮನಿದ್ದರೆ ಯಾರಿಗೂ ತಿಳಿಯದು. ಬದುಕಿರುವಷ್ಟು ದಿನ ಈ ಮೂಲೆ ತಮ್ಮದು. ಆದರೆ ಹೊರಬಂದದ್ದು ಒಳಗೂ ಹೋಗುತ್ತದೆ, ಮೂರನೆಯ ಸಲವೂ ಅವಳಿಗೆ ಬೇಡವೆಂಬ ಉತ್ತರವೇ ಬರುತ್ತದೆ. ಹಾಡು ಮುಗಿಯುವವರೆಗೆ ಅವರು ಕೈ ತೆಗೆಯಲಿಲ್ಲ.

"ಲೇ ಕದಿರಪ್ಪ, ಇಲ್ಲಿ ಬತ್ತಾ ಅದೆ ನೋಡ್ಲಾ."

ಕದಿರಪ್ಪ ಗಾಜು ಹಿಡಿದಿದ್ದ ಮರದ ಪಟ್ಟಿ ಬಿಚ್ಚಿದ. ಗಾಜಿನ ಅಂಚಿನ ಸುತ್ತ ಕೂರಿಸಿದ್ದ ರಬ್ಬರ್ ಅಲ್ಲಿ ಎರಡು ಬೆರಳಗಲ ಇರಲಿಲ್ಲ, ಗಾಜು ಮರಕ್ಕೇ ತಾಗಿಕೊಂಡಿತ್ತು. "ಕಡೇಲಿ ಸಾಲ್ದೆ ಬಂತಣ್ಣ, ಇಷ್ಟಕ್ಕೇನು ಅಂತ ಬುಟ್ಟಿದ್ದೆ," ಎಂದು ನಾಲಿಗೆ ಕಚ್ಚಿಕೊಂಡ.

ಶ್ಯಾಮಲಾ ಹೊರಗೆ ಬಂದು ತುಟಿ ಬಿಡಿಸಿ ಕೇಳಿದಳು. "ಎಂಗಪ್ಪ ಗೊತ್ತಾಯ್ತು?"

"ಎರಡನೇ ಸಾಲು ಎಳೀತೀಯಲ್ಲ, ಅಲ್ಲಿ ದಾರ ಎಳ್ದಂಗೆ ಬತ್ತದೆ," ಎಂದರು. "ಓದ್ವರ್ಷ ಅಷ್ಟು ಎಳೀತಿರ್ಲಿಲ್ಲ ನೀನು."

ಹೊಂಗೆಗೆ ಒರಗಿಸಿದ್ದ ಹಳೆಯ ಗಾಜಿನ ಕಡೆ ಅವಳ ಕಣ್ಣು ಹೋಯಿತು. ವಾರವಾರ ಒರೆಸಿ, ಬೀದಿಯ ಹುಡುಗರನ್ನು ಬೈದರೂ ಮತ್ತೆ ಮತ್ತೆ ಮೂಡುತ್ತಿದ್ದ ಆ ಕೈಗುರುತು ಅಲ್ಲಿ ಇನ್ನೂ ಇತ್ತು. ಅವಳು ಒಳಗೆ ಹೋದಳು.

ರಬ್ಬರ್ ಕೂತಿತು, ಶ್ಯಾಮಲಾ ಮತ್ತೆ ಹಾಡಿದಳು. ಶ್ರೀನಿವಾಸಪ್ಪ ಮತ್ತೆ ಅಂಗೈ ಇಟ್ಟರು. ಎಲ್ಲೂ ಏನೂ ಇಲ್ಲ. ಒಳ್ಳೆಯದಾಯಿತು ಎಂದುಕೊಂಡರು, ಕೈ ಮಾತ್ರ ಗಾಜಿನ ಮೇಲೆಯೇ ಇತ್ತು.

ಒಳಗೆ ಶ್ಯಾಮಲಾ ಸ್ಟೂಲನ್ನು, ಮೈಕನ್ನು ಕಿಟಕಿಯ ಕಡೆಗೆ ತಿರುಗಿಸಿದಳು. ಅಪ್ಪನನ್ನು ನೋಡುತ್ತ ಬಾಯಿ ತೆರೆದಳು. ಎರಡನೆಯ ಸಾಲಿಗೆ ಬಂದಾಗ ಬೆರಳನ್ನು ಗಾಳಿಯಲ್ಲಿ ದಾರ ಎಳೆದಂತೆ ಮೆಲ್ಲಗೆ ಎಳೆಯುತ್ತ ಹೋದಳು. ಶ್ರೀನಿವಾಸಪ್ಪನವರ ಅಂಗೈ ತಣ್ಣನೆಯ ಗಾಜಿನ ಮೇಲೆ ಅದರ ಹಿಂದೆಯೇ ಸರಿಯಿತು.