ಏಲಿಯಮ್ಮನ ಬಾವಿಗೆ ಗೊತ್ತಾಗುವ ಭಾನುವಾರ

ಹಸ್ನಾಳಿಗೆ ವಹಿಸಿದ್ದು ಒಂದು ದಿನದ ಕೆಲಸ. ನೆಲ್ಯಾಡಿಯ ಹೊರಗೆ ರಬ್ಬರ್ ಹಾಲು ಸಂಸ್ಕರಿಸುವ ಕಾರ್ಖಾನೆಯೊಂದಿತ್ತು. ಅದರ ಕೊಳಕು ನೀರು ನಿಲ್ಲುವ ಹೊಂಡದಿಂದ ನೆಲದೊಳಗಿನ ನೀರು ಕೆಡುತ್ತಿದೆಯೇ ಎಂದು ತಿಳಿಯಲು ನಾಲ್ಕು ಬಾವಿ ಕೊರೆಸಬೇಕಿತ್ತು. ಕುಡಿಯುವುದಕ್ಕಲ್ಲ, ತಿಂಗಳಿಗೊಮ್ಮೆ ನೀರು ತೆಗೆದು ಪರೀಕ್ಷಿಸುವುದಕ್ಕೆ. ಭೂವಿಜ್ಞಾನ ಓದಿದ ಅವಳು ಆ ನಾಲ್ಕು ಜಾಗ ಗುರುತಿಸಿ ಬಂದರೆ ಮುಗಿಯಿತು. ದರ್ಬೆಯ ಮನೆಯಿಂದ ಹೊರಡುವಾಗ ಸಂಜೆಯೊಳಗೆ ಬರುತ್ತೇನೆಂದು ಉಮ್ಮನಿಗೆ ಹೇಳಿದ್ದಳು.

ಮ್ಯಾನೇಜರ್ ಯಜ್ಞೇಶ್ವರ ಗೇಟಿನಲ್ಲೇ ನಿಂತಿದ್ದರು. "ಜಾಗ ಎಲ್ಲ ತೋಡಿನ ಕಡೆಗೆ ಇಳಿಜಾರು ಮೇಡಂ. ನೀರು ಹೋಗುದೂ ಅಲ್ಲಿಗೇ. ನಾಲ್ಕನ್ನೂ ಕೆಳಗೆ ಹಾಕಿದ್ರೆ ಆಯ್ತಲ್ಲ?"

ನಕ್ಷೆ ನೋಡಿದಾಗ ಅವಳಿಗೂ ಹಾಗೇ ಅನಿಸಿತ್ತು. ಆದರೂ ಸುತ್ತಲಿನ ಬಾವಿಗಳನ್ನೊಮ್ಮೆ ಇಣುಕದೆ ಹೋಗಲು ಮನಸ್ಸಾಗಲಿಲ್ಲ. ಕೆಳಗೆ ಹರಿಯುತ್ತಿದ್ದ ತೋಡಿನ ಬದಿಯ ಬಾವಿಯಲ್ಲಿ ತಳದ ಕಲ್ಲು ಕಾಣುವಷ್ಟು ತಿಳಿನೀರು. ಉತ್ತರದ ಗೋಡೆಯಾಚೆ, ಹೊಂಡದಷ್ಟೇ ಎತ್ತರದ ಜಾಗದಲ್ಲಿದ್ದ ಏಲಿಯಮ್ಮನ ಬಾವಿಯಿಂದ ಕೊಡಪಾನ ಮೇಲೆ ಬಂದಾಗ ಮಾತ್ರ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯಿತು.

"ಎಷ್ಟು ಸಮಯ ಆಯ್ತು ಅಮ್ಮಚ್ಚಿ, ಹೀಗೆ?"

ಏಲಿಯಮ್ಮನಿಗೆ ಅರುವತ್ತು ದಾಟಿತ್ತು. ನೂರಿಪ್ಪತ್ತು ರಬ್ಬರ್ ಮರಗಳನ್ನು ಈಗಲೂ ತಾನೇ ಟ್ಯಾಪಿಂಗ್ ಮಾಡುವ ಗಟ್ಟಿ ಹೆಂಗಸು. "ಎರಡು ವರ್ಷ ಮೋಳೇ. ನನ್ನ ಹಂದಿಗೂಡಿಂದಲೇ ಅಂತ ಎಲ್ಲರೂ ಹೇಳಿದ್ರು. ಹೌದಾ ಅಂತ ನಂಗೂ ನೋಡ್ಬೇಕಿತ್ತು. ಎಂಟೂ ಹಂದಿ ಮಾರಿದೆ, ಗೂಡು ಕಿತ್ತೆ, ಒಂದು ಮಳೆಗಾಲ ಪೂರ್ತಿ ಕಾದೆ. ವಾಸನೆ ಹೋಗ್ಲಿಲ್ಲ."

ಹಸ್ನಾ ಅವಳನ್ನೇ ನೋಡಿದಳು. ಯಾರೂ ಹೇಳಿಕೊಡದೆ ಈಕೆ ಒಂದು ಪ್ರಯೋಗವನ್ನೇ ಮಾಡಿ ಮುಗಿಸಿದ್ದಳು.

"ಇನ್ನೊಂದು ಉಂಟು, ನೀನು ನಗ್ಬಾರ್ದು," ಎಂದಳು ಏಲಿಯಮ್ಮ. "ನಮ್ಮ ಬಾವಿಗೆ ಭಾನುವಾರ ಗೊತ್ತಾಗ್ತದೆ."

"ಎಂತ?"

"ಭಾನುವಾರ ಸಂಜೆಗೆ ನೀರು ಮೇಲೆ ಬರ್ತದೆ. ಸೋಮವಾರ ಪುನಃ ಕೆಳಗೆ. ಹಗ್ಗ ಬಿಡುವಾಗ ಕೈಗೆ ಗೊತ್ತಾಗ್ತದಲ್ಲ. ಇಗರ್ಜಿಯಲ್ಲಿ ಪಾದ್ರಿ ಅಚ್ಚನಿಗೆ ಹೇಳಿದ್ರೆ ಅವರು ನಕ್ಕುಬಿಟ್ರು."

ಹಸ್ನಾ ನಗಲಿಲ್ಲ. ಅಂದು ಶುಕ್ರವಾರ. ಗುರುತು ಹಾಕುವ ಗೂಟಗಳನ್ನು ಹಾಗೇ ಕಾರಿನಲ್ಲಿಟ್ಟು ಊರಿಗೆ ಮರಳಿದಳು. ಶನಿವಾರ ಸಂಜೆ ಅಳತೆಯ ಟೇಪು, ಎತ್ತರ ನೋಡುವ ಉಪಕರಣ ಹಿಡಿದು ಮತ್ತೆ ಬಂದಳು. ಎರಡೂ ಬಾವಿಗಳ ನೀರಿನ ಮಟ್ಟವನ್ನು ಒಂದೇ ಲೆಕ್ಕಕ್ಕೆ ತಂದಾಗ ಅವಳಿಗೆ ನಂಬಿಕೆಯೇ ಬರಲಿಲ್ಲ. ಎತ್ತರದ ಜಾಗದಲ್ಲಿದ್ದ ಏಲಿಯಮ್ಮನ ಬಾವಿಯ ನೀರು ತೋಡಿನ ಬದಿಯ ನೀರಿಗಿಂತ ಒಂದು ಮೀಟರ್ ಕೆಳಗಿತ್ತು! ಭಾನುವಾರ ಸಂಜೆ ಅಳೆದರೆ ಅದು ಒಂದೂವರೆ ಅಡಿ ಏರಿತ್ತು. ತೋಡಿನ ಬದಿಯದ್ದು ಇದ್ದಲ್ಲೇ ಇತ್ತು.

ಸೋಮವಾರ ಬೆಳಿಗ್ಗೆ ಇಬ್ಬರೂ ಬಾವಿಕಟ್ಟೆಯ ಮೇಲೆ ಕೂತು ಟೇಪು ಇಳಿಬಿಟ್ಟರು. ಭಾನುವಾರದ ರಜೆ ಮುಗಿದು ಎಂಟೂವರೆಗೆ ಕಾರ್ಖಾನೆಯ ಸೈರನ್ ಕೂಗಿತು. ಅಂಗಳದ ಆಚೆ ಬದಿ, ಕಾರ್ಖಾನೆಯವರೇ ಕೊಂಡಿದ್ದ ತುಂಡು ಜಾಗದ ತಗಡಿನ ಶೆಡ್ಡಿನಲ್ಲಿ ಪಂಪು ಗುಂಯ್ಗುಟ್ಟತೊಡಗಿತು. ಒಂಬತ್ತೂವರೆಗೆ ನೀರು ಎರಡು ಬೆರಳಿನಷ್ಟು ಇಳಿದಿತ್ತು.

"ಅದು ಇನ್ನೂರೈವತ್ತು ಅಡಿಯ ಬೋರಂತೆ. ನನ್ನ ಬಾವಿ ಮೂವತ್ತು ಅಡಿ," ಏಲಿಯಮ್ಮ ಕೇಳಿದಳು, "ಅದಕ್ಕೂ ಇದಕ್ಕೂ ಎಂತ ಸಂಬಂಧ?"

"ಕೆಳಗಿನ ಬಂಡೆಯಲ್ಲಿ ಬಿರುಕು ಇರ್ಬೇಕು. ಬೋರು ಎಳೆದಾಗ ಮೇಲಿನ ನೀರೂ ಆ ದಾರಿಯಲ್ಲಿ ಇಳೀತದೆ. ಅದನ್ನು ಹಾಕಿ ಎಷ್ಟು ಸಮಯ ಆಯ್ತು?"

ಏಲಿಯಮ್ಮ ಶೆಡ್ಡಿನ ಕಡೆ ತಿರುಗಿದಳು. "ಎರಡು ವರ್ಷ," ಎಂದಳು ಮೆಲ್ಲಗೆ.

ಹಸ್ನಾಳ ಕೈಯಲ್ಲಿದ್ದ ನಕ್ಷೆಯಲ್ಲಿ ಆ ಬೋರ್‌ವೆಲ್ ಇರಲಿಲ್ಲ. ಅವಳು ನೇರ ಯಜ್ಞೇಶ್ವರರ ಕೋಣೆಗೆ ಹೋಗಿ ಪೆನ್ನಿನಿಂದ ಅದನ್ನು ಬರೆದು ತೋರಿಸಿದಳು. "ನೆಲದ ಮೇಲೆ ಇಳಿಜಾರು ಇರುದು ತೋಡಿಗೆ. ನೆಲದ ಒಳಗೆ ನಿಮ್ಮ ಪಂಪು ಬೇರೆ ಇಳಿಜಾರು ಮಾಡಿದೆ. ಹೊಂಡದ ನೀರು ಪಂಪಿಗೆ ಹೋಗುವ ದಾರಿಯಲ್ಲಿ ಆ ಅಮ್ಮಚ್ಚಿಯ ಬಾವಿ ಉಂಟು. ನಾಲ್ಕೂ ತೋಡಿನ ಕಡೆ ಹಾಕಿದ್ರೆ ನಾವು ವರ್ಷಗಟ್ಟಲೆ ಒಳ್ಳೆ ನೀರನ್ನೇ ಪರೀಕ್ಷೆ ಮಾಡ್ತಾ ಕೂತಿರ್ತಿದ್ದೆವು."

ಅವರು ಹೊಂಡದಿಂದ ಬೋರಿನವರೆಗೆ ನಕ್ಷೆಯ ಮೇಲೆ ಬೆರಳೆಳೆದರು. ವಾದಿಸುತ್ತಾರೆಂದು ಅವಳು ಕಾದಳು. "ಆ ಬೋರಿನ ನೀರೇ ನಮ್ಮ ಕ್ಯಾಂಟೀನಿಗೂ ಬರುದು ಮಾರಾಯ್ರೆ," ಎಂದು ಎದ್ದರು. "ಗೂಟ ಎಲ್ಲಿ ಹಾಕ್ಬೇಕು, ಬನ್ನಿ."

ಮೊದಲನೆಯದು ಹೊಂಡಕ್ಕಿಂತ ಮೇಲೆ ಗುಡ್ಡದ ಬದಿ, ಕೊಳಕು ತಾಗದ ನೀರು ಹೇಗಿರುತ್ತದೆಂದು ತಿಳಿಯಲು. ಇನ್ನೊಂದು ತೋಡಿನ ಕಡೆ. ಉಳಿದೆರಡು ಹೊಂಡದಿಂದ ಪಂಪಿಗೆ ಎಳೆದ ಗೆರೆಯ ಮೇಲೆ: ಗೋಡೆಯ ಬುಡದಲ್ಲೊಂದು, ಏಲಿಯಮ್ಮನ ಅಂಗಳದಲ್ಲೊಂದು. ಒಂದೇ ಕಡೆ ಎರಡು ಯಾಕೆಂದು ಅವಳ ಆಫೀಸಿನವರು ತಕರಾರು ತೆಗೆದರು. ಮೂರು ದಿನದ ಅಳತೆಗಳನ್ನು ಕಳಿಸಿದ ಮೇಲೆ ಒಪ್ಪಿದರು.

ಏಪ್ರಿಲಿನಲ್ಲಿ ಕೊರೆಯುವ ಲಾರಿ ಬಂತು. ಮೊದಲ ಪರೀಕ್ಷೆಯಲ್ಲೇ ಗೆರೆಯ ಮೇಲಿನ ಎರಡೂ ಬಾವಿಗಳಲ್ಲಿ, ರಬ್ಬರ್ ಹಾಲು ಕೆಡದಂತೆ ಬೆರೆಸುವ ಅಮೋನಿಯಾ ಮಿತಿ ಮೀರಿತ್ತು, ಉಳಿದೆರಡು ಶುದ್ಧ. ಪಂಪು ನಿಂತಿತು. ಹೊಂಡಕ್ಕೆ ದಪ್ಪ ಹಾಳೆ ಹಾಸುವ ಕೆಲಸ ಶುರುವಾಯಿತು. ಏಲಿಯಮ್ಮನ ಮನೆಗೆ ಕಾರ್ಖಾನೆಯಿಂದಲೇ ಕುಡಿಯುವ ನೀರಿನ ಟ್ಯಾಂಕರ್ ಬರತೊಡಗಿತು.

"ನನ್ನ ಬಾವಿ ಸರಿ ಆಗ್ಲಿಕ್ಕೆ ಎಷ್ಟು ಸಮಯ?" ಅವಳು ಕೇಳಿದಳು.

ಹಸ್ನಾಳಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಗೊತ್ತಿಲ್ಲ ಅಮ್ಮಚ್ಚಿ. ಎರಡು ವರ್ಷ ಆಗ್ಬಹುದು, ಐದೂ ಆಗ್ಬಹುದು."

ಏಲಿಯಮ್ಮ ಅಂಗಳದ ಹೊಸ ಬಾವಿಯ ಕಬ್ಬಿಣದ ಮುಚ್ಚಳವನ್ನು ಕಾಲಿನಿಂದ ತಟ್ಟಿ ನೋಡಿದಳು. "ಅಷ್ಟು ಸಮಯ ನಾನು ಸುಮ್ಮನೆ ಕೂರುದಾ? ಇದರೊಳಗೆ ಎಂತ ಆಗ್ತದೆ ಅಂತ ನಂಗೂ ನೋಡ್ಬೇಕು. ಆ ಟೇಪು ಹಿಡಿಯುದು ಹೇಗೆ, ತೋರಿಸು."

ಹಸ್ನಾ ಮುಚ್ಚಳದ ಬೀಗ ತೆಗೆದು ನೆಲದಲ್ಲೇ ಕೂತಳು. ಏಲಿಯಮ್ಮ ಸೀರೆಯ ನೆರಿಗೆ ಎತ್ತಿ ಕಟ್ಟಿ ಪಕ್ಕದಲ್ಲಿ ಮೊಣಕಾಲೂರಿದಳು.